ಹಸಿರು ಬಳೆಯ ಗುರುತು

ಸುಣ್ಣಕ್ಕೆ ನೀರು ಹುಯ್ದಾಗ ಬುಸ್ಸೆಂದು ಏಳುವ ಆ ಬಿಸಿ ವಾಸನೆಗೆ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಇವತ್ತೂ ನನ್ನ ಕಣ್ಣಮುಂದೆ ಎದ್ದು ಬಂದರು... ಸೆರಗು ಸೊಂಟಕ್ಕೆ ಸಿಕ್ಕಿಸಿ, ಕತ್ತಾಳೆ ನಾರಿನ ಕುಂಚ ಹಿಡಿದು.

ಬೀರೂರಿಗೆ ರೈಲು ಹಳಿ ಹಾಕಲು ಬಂದು ನೆಲೆಸಿದ ಮೊದಲ ಕುಟುಂಬಗಳಲ್ಲಿ ಅವರದೂ ಒಂದು. ಅವರನ್ನು ಹೆತ್ತ ಕೆಲವೇ ದಿನಕ್ಕೆ ತಾಯಿ ತೀರಿಕೊಂಡಿದ್ದರು. ಕಲ್ಲು ಕೆತ್ತಿಸುವ ಶಕ್ತಿಯಿಲ್ಲದ ತಂದೆ, ಸಮಾಧಿಯ ತಲೆಕಡೆ ಹಸಿಗಾರೆಯಲ್ಲಿ ಆಕೆಯ ಹಸಿರು ಬಳೆಚೂರುಗಳನ್ನೇ ಶಿಲುಬೆಯಾಗಿ ಒತ್ತಿದ್ದರಂತೆ. ಆ ಚೂರುಗಳು ಮಳೆಗೆ ಉದುರಿರಬೇಕೆಂದು ದೊಡ್ಡಮ್ಮ ನಂಬಿದ್ದರು. ಹುಣಸೆಮರದ ಕೆಳಗಿನ ಎತ್ತರದ ಸಮಾಧಿಯೇ ತಾಯಿಯದೆಂದು, ಸತ್ತವರನ್ನು ನೆನೆಯುವ ಪ್ರತಿ ವರ್ಷದ ಸಮಾಧಿಹಬ್ಬಕ್ಕೂ ಸುಣ್ಣ ಬಳಿದು ಸೇವಂತಿಗೆ ಹಾಕುತ್ತಿದ್ದರು. ಅವರಿಗಿದ್ದ ಆಸೆ ಒಂದೇ, ತಾಯಿಯ ಪಕ್ಕದಲ್ಲಿ ಮಲಗಬೇಕು.

ಒಮ್ಮೆ ನಾನು ರಜೆಗೆ ಬಂದಿದ್ದಾಗ ಜೊತೆಗೆ ಕರೆದೊಯ್ದರು. "ಕಾನ್ವೆಂಟಲ್ಲಿ ಓದ್ತೀಯಲ್ಲ, ಅವ್ವನ ಹೆಸ್ರು ಚೆಂದಾಗಿ ಬರ್ಕೊಡೇ. ಇಲ್ದಿದ್ರೆ ನಾಳೆ ನನ್ನ ಯಾರ್ದೋ ಪಕ್ಕ ಹೂತ್ಬಿಡ್ತಾರೆ."

ಬರೆಯಲು ದಪ್ಪ ಸುಣ್ಣ ಕೆರೆದೆ. ಒಳಗೆ ಆಗಲೇ ಇಂಗ್ಲಿಷ್ ಅಕ್ಷರಗಳಿದ್ದವು. ಯಾರೋ ರೈಲ್ವೆ ಎಂಜಿನಿಯರ್ ದೊರೆಯ ಹೆಸರು.

ಓದಿ ಹೇಳಿದೆ. ದೊಡ್ಡಮ್ಮ ಕುಸಿದು ಕೂತರು. "ದೇವ್ರೇ, ಇಷ್ಟ್ ವರ್ಷ ಪರಗಂಡಸಿಗೆ ಹೂ ಮುಡಿಸಿದ್ನಾ?"

ಅವರು ಕೂತದ್ದು ಪಕ್ಕದ ತಗ್ಗು ದಿಬ್ಬದ ಮೇಲೆ. ಪ್ರತಿ ವರ್ಷ ಬುತ್ತಿ ಉಣ್ಣುತ್ತಿದ್ದುದೂ, ಮಿಕ್ಕ ಸುಣ್ಣ ಚೆಲ್ಲುತ್ತಿದ್ದುದೂ ಅದರ ಮೇಲೆಯೇ. ಬಕೆಟ್ಟಿನ ಅಂಚು ತಾಗಿ ಸುಣ್ಣ ಎದ್ದಿದ್ದ ಕಡೆ ಏನೋ ಮಿನುಗಿತು... ಬಟಾಣಿ ಸಿಪ್ಪೆಯಷ್ಟು ಹಸಿರು. ಇಬ್ಬರೂ ಉಗುರಲ್ಲೇ ಕೆರೆದೆವು. ಬಳೆಚೂರುಗಳ ಶಿಲುಬೆ ಒಂದಿಷ್ಟೂ ಮುಕ್ಕಾಗದೆ ಹೊರಬಂತು.

ದೊಡ್ಡಮ್ಮ ಬಾಗಿ ಅದಕ್ಕೆ ಕೆನ್ನೆ ಒತ್ತಿದರು. "ಅವ್ವನ ಮಡಿಲಲ್ಲೇ ಕೂತ್ಕೊಂಡು ಉಂಡಿದೀನಿ ಕಣೇ..." ಆಮೇಲೆ ನಗು ಹತ್ತಿತು. ನಗುತ್ತಲೇ ಹೂದಂಡೆಯನ್ನು ಎರಡು ತುಂಡು ಮಾಡಿದರು.

"ದೊರೆಗೂ ಹಾಕ್ತೀರಾ?"

"ಹೆಂಗೇ ಬಿಡೋದು? ನಮ್ಮತ್ತೆ ಮೇಲಿನ ಚಾಡಿನೆಲ್ಲ ಅವನ ಹತ್ರನೇ ಹೇಳ್ಕೊಂಡಿದೀನಿ."

ಈಗ ದೊಡ್ಡಮ್ಮ ತಮ್ಮ ತಾಯಿಯ ಪಕ್ಕದಲ್ಲೇ ಮಲಗಿದ್ದಾರೆ. ಅವರ ತಲೆಕಡೆಗೂ ಬಳೆಚೂರು ಒತ್ತಿಸಿದ್ದೇನೆ. ಇವತ್ತು ಸುಣ್ಣ ಬಳಿಯುವಾಗ ಆ ಹಸಿರಿನ ಮೇಲೆಲ್ಲ ಅಂಗೈ ಮುಚ್ಚಿ ಹಿಡಿದೆ. ಮೂರು ಸಮಾಧಿಗೂ ಹೂ ಇಟ್ಟು, ದೊರೆಯ ಬಳಿ ನಮ್ಮತ್ತೆಯ ವಿಷಯ ಶುರುಮಾಡಿದೆ... ಕೇಳಿ ನಗಲು ಪಕ್ಕದಲ್ಲಿ ದೊಡ್ಡಮ್ಮ ಇರಲಿಲ್ಲ.