ಕೋಪರದ ಕೋಪ

“ಲಗ್ನ ಝಾಲ್ಯಾಪಾಸೂನ!”

ಮದುವೆಯಾದಾಗಿನಿಂದ! ಪುಣೆಯ ಎಲುಬಿನ ಡಾಕ್ಟರ ಮುಂದೆ ನನ್ನ ಹೆಂಡತಿ ಗಟ್ಟಿಯಾಗಿ ಕೊಟ್ಟ ಉತ್ತರವಿದು. ಅವರು ಕೇಳಿದ್ದು, “ಕೋಪರಾಚಾ ತ್ರಾಸ ಕಧೀಪಾಸೂನ?” ಕೋಪದ ತ್ರಾಸು ಯಾವಾಗಿನಿಂದ ಎಂದು ಅವಳಿಗೆ ಕೇಳಿಸಿತು. ನನಗೂ ಹಾಗೇ ಕೇಳಿಸಿತು. (ಹೆಂಡತಿಯ ಹೆಸರು ಶಾಂತಾ. ನಗಬೇಡಿ.)

ರಾಯಚೂರಿನಿಂದ ಪುಣೆಯ ಕೋಥರೂಡಕ್ಕೆ ವರ್ಗವಾಗಿ ಬಂದು ನಮಗಿನ್ನೂ ಎರಡೇ ತಿಂಗಳು. ನಮ್ಮ ಮರಾಠಿಯೆಲ್ಲ ತರಕಾರಿ ಗಾಡಿಯವಳ ಹತ್ತಿರ ಕಲಿತದ್ದು. ತರಕಾರಿಗೆಲ್ಲಿ ಮೊಣಕೈ ಇರುತ್ತದೆ?

ಹೋಗಿದ್ದು ಅವಳ ಬಲ ಮೊಣಕೈ ನೋವಿಗೆ. ತುಂಬಿದ ತಂಬಿಗೆ ಎತ್ತಲೂ ಆಗುತ್ತಿರಲಿಲ್ಲ. ಸಿಟ್ಟಿಗೂ ನೋವಿಗೂ ಏನೋ ಸಂಬಂಧವಿರಬಹುದು ಎಂದುಕೊಂಡೆ. ಡಾಕ್ಟರು ನನ್ನತ್ತ ತಿರುಗಿ, ಲಗ್ನವಾಗಿ ಎಷ್ಟು ವರ್ಷ ಎಂದರು. ಹನ್ನೆರಡು ಎಂದೆ. ಅವರು ಗಾಬರಿಯಾಗಿ ಎಂಆರ್‌ಐ ಬರೆದರು. ಸ್ನಾಯುವನ್ನು ಎಲುಬಿಗೆ ಕಟ್ಟುವ ಟೆಂಡನ್ ಹರಿದಿದ್ದರೆ ಎಕ್ಸ್‌ರೇಯಲ್ಲಿ ಕಾಣದಂತೆ. ಪೂರ್ತಿ ಹರಿದಿದ್ದರೆ ಆಪರೇಷನ್! ಶಾಂತಾಳ ಮುಖ ಬಾಡಿತು. ನನಗೂ ಹೆದರಿಕೆಯಾಯಿತು.

ಸ್ಕ್ಯಾನಿಂಗ್ ಸೆಂಟರಿನಲ್ಲಿ ಮೈಮೇಲಿನ ಲೋಹವೆಲ್ಲ ತೆಗೆಯಬೇಕು. ಬಳೆ, ಪಿನ್ನು, ತಾಳಿ ನನ್ನ ಕೈಗೆ ಬಂದವು, ನಾನು ಬಾಗಿಲ ಹೊರಗೇ ನಿಂತು ನೋಡಿದೆ. ಟೆಕ್ನಿಷಿಯನ್ ಅವಳನ್ನು ಬೋರಲು ಮಲಗಿಸಿ, ಬಲಗೈ ತಲೆಯ ಮುಂದಕ್ಕೆ ಚಾಚಿಸಿ, ತನ್ನ ಮೊಣಕೈ ತಟ್ಟಿ ತೋರಿಸಿದ. “ಕೋಪರ ಹಲವೂ ನಕಾ!” ಅಲ್ಲಾಡಿಸಬೇಡಿ ಅಂತ.

ಓಹೋ! ಕೋಪರ ಎಂದರೆ ಮೊಣಕೈ!

ಹೊರಗೆ ಬೆಂಚಿನ ಮೇಲೆ ಒಬ್ಬನೇ ನಕ್ಕೆ. ಒಳಗೆ ಯಂತ್ರ ಡಬಡಬ ಬಡಿಯುತ್ತಿತ್ತು, ಜೇಬಿನಲ್ಲಿ ತಾಳಿ ಇತ್ತು. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಪ್ರಶ್ನೆ ತಪ್ಪಾಗಿ ಕೇಳಿಸಿತ್ತು, ಸರಿ. ಆದರೆ ಉತ್ತರ?

ರಿಪೋರ್ಟ್ ಬಂತು. ಅರ್ಧವಷ್ಟೇ ಹರಿದಿದೆ, ಆಪರೇಷನ್ ಬೇಡ. ಆರು ವಾರ ರೊಟ್ಟಿ ಬಡಿಯುವಂತಿಲ್ಲ, ಅಷ್ಟೇ. (ನನಗೆ ಎರಡು ಹೊತ್ತೂ ಜೋಳದ ರೊಟ್ಟಿ ಹಂಚಿನಿಂದ ನೇರ ತಾಟಿಗೆ ಬೀಳಬೇಕು. ಆರಿದ್ದನ್ನು ಮುಟ್ಟುವವನಲ್ಲ.)

ರಿಕ್ಷಾದಲ್ಲಿ ತಾಳಿ ಕೈಗಿಡುತ್ತ ಹೇಳಿದೆ. “ಶಾಂತಾ, ಕೋಪರ ಅಂದ್ರ ಮೊಣಕೈ ಅಂತ. ನೋವು ಖರೇ ಯಾವಾಗಿಂದ ಅದ?”

“ನೋವು ಮೂರು ತಿಂಗಳಿಂದ್ರಿ.”

“ಮತ್ತ ಲಗ್ನ ಆದಾಗಿಂದ ಅಂದಿ?”

“ಅದು ನನ್ನ ಸಿಟ್ಟಿನ ಬಗ್ಗೆರಿ. ಹನ್ನೆರಡು ವರ್ಷದಾಗ ಯಾರೂ ಕೇಳಿರಲಿಲ್ಲ. ಆ ಪುಣ್ಯಾತ್ಮ ಕೇಳಿದ್ರು, ಹೇಳಿದೆ.”

ಅಂದಹಾಗೆ, ನಿಮ್ಮ ಮನೆಯವರಿಗೆ ಯಾವಾಗಿನಿಂದ? ಕೇಳಿದ್ದೀರಾ?