ದಿಲಾವರನ ಹಸಿರು ಅಂಗಿ

ದಿಲಾವರ ಗೋವಾದಲ್ಲಿ ದುಡಿದು ಸಿಂದಗಿಗೆ ತಂದದ್ದು ಹೊಲಿಗೆ ಕೆಲಸ ಮತ್ತು ಅಲ್ಲಿಯ ಫುಟ್‌ಬಾಲ್ ಕ್ಲಬ್ಬೊಂದರ ಹುಚ್ಚು. ಕೆಲಸ ರೊಟ್ಟಿ ಕೊಟ್ಟಿತು, ಹುಚ್ಚು ವರ್ಷಾವರ್ಷ ಹೊಟ್ಟೆ ಉರಿಸಿತು. ಸೀಸನ್ನಿಗೆ ಮುಂಚೆ ಅವನು ತನಗೊಂದು ಆ ಕ್ಲಬ್ಬಿನ ಬಣ್ಣದ ಹಸಿರು ಅಂಗಿ ಹೊಲಿದುಕೊಂಡು, ಬೆನ್ನಿಗೆ ಮೆಚ್ಚಿನ ಆಟಗಾರನ ಹೆಸರು ಹಚ್ಚುತ್ತಿದ್ದ. ಹಚ್ಚಿದ್ದೇ ತಡ, ಕ್ಲಬ್ಬಿನವರು ಆ ಆಟಗಾರನನ್ನೇ ಬೇರೆ ಕ್ಲಬ್ಬಿಗೆ ಮಾರಿಬಿಡುತ್ತಿದ್ದರು.

ಈ ಸಲವೂ ಗೆಳೆಯ ಮಾಳಿಂಗರಾಯ ಮೊಬೈಲ್ ನೋಡುತ್ತಲೇ ಅಂಗಡಿ ಹತ್ತಿದ. "ನಿನ್ನ ಗೋಲ್‌ಕೀಪರ್‌ನೂ ಹೋದ್ನಪಾ. ಈಗ ಸುದ್ದಿ ಬಂತು."

ಗೋಲ್‌ಕೀಪರನ ಹೆಸರಿನ ಕೊನೆಯ ಅಕ್ಷರ ಇನ್ನೂ ಮಷಿನ್ನಿನ ಸೂಜಿಯ ಕೆಳಗೇ ಇತ್ತು. ದಿಲಾವರನ ಮೈ ಉರಿದುಹೋಯಿತು. "ಅದೇನ್ ಕ್ಲಬ್ಬೋ, ದನದ ಸಂತಿಯೋ! ಇದ್ದೊಬ್ಬ ಚಲೋ ಆಟಗಾರನ್ನೂ ಮಾರಿದ್ರು. ಸಾಕು, ಇನ್ನ ಅವರ ಆಟ ನೋಡಂಗಿಲ್ಲ!"

"ಹೋದ ವರ್ಷನೂ ಹಿಂಗ ಅಂದಿದ್ದಿ," ಎಂದ ಮಾಳಿಂಗರಾಯ.

ದಿಲಾವರ ಬ್ಲೇಡು ತೆಗೆದುಕೊಂಡು ಅಕ್ಷರಗಳ ಹೊಲಿಗೆ ಬಿಚ್ಚಿದ. ಅಂಗಿಯ ಬರಿದಾದ ಬೆನ್ನನ್ನು ಕೊಡವಿ, ಸಿಟ್ಟಿನಲ್ಲೇ ಕೇಳಿದ. "ಇನ್ನ ಯಾರ ಹೆಸರು ಹಚ್ಚಲಿ, ಹೇಳು?"

ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ಹೆಂಡತಿ ಮೆಹರುನ್ನಿಸಾ ತಲೆಯನ್ನೂ ಎತ್ತಲಿಲ್ಲ.

"ನಿಮ್ಮ ಹೆಸರೇ ಹಚ್ಕೋರಿ. ಆ ಕ್ಲಬ್ ಬಿಟ್ಟು ಎಲ್ಲೂ ಹೋಗದವ್ರು ನೀವೊಬ್ರೇ ಅದೀರಿ."