ಏಕಾದಶಿ ಮಧ್ಯಾಹ್ನದ ದನಿ

ನಮ್ಮ ಅಂಬಕ್ಕತ್ತೆಯ ದಿನ ಶುರುವಾಗುತ್ತಿದ್ದುದೇ ಮೂತ್ರ ಕಾಯಿಸುವುದರಿಂದ. ಹಿತ್ತಲ ಕಟ್ಟೆಯ ಮೇಲೆ ಸ್ಪಿರಿಟ್ ದೀಪ ಹೊತ್ತಿಸಿ, ಗಾಜಿನ ನಳಿಕೆಗೆ ನೀಲಿ ಔಷಧ ಹಾಕಿ, ಎಂಟು ಹನಿ ಮೂತ್ರ ಬಿಟ್ಟು ಕುದಿಸಿ, ಬಿಸಿಲಿಗೆ ಹಿಡಿದು ಬಣ್ಣ ನೋಡುವರು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ, ಹಸಿರಾದರೆ ತುಸು ಇದೆ, ಇಟ್ಟಂಗಿ ಕೆಂಪಾದರೆ ಅಪಾಯ. ಬಂದ ಬಣ್ಣವನ್ನು ಓಣಿಗೆಲ್ಲ ಕೇಳುವಂತೆ ಸಾರಲು ಅವರಿಗೆ ನಾಚಿಕೆಯೇನೂ ಇರಲಿಲ್ಲ. "ಇವತ್ತ ಹಸರು ಬಂದದ. ನಿನ್ನೆ ಅನ್ನದ ಆಸೆಗೆ ಬಿದ್ದೆ, ತಪ್ಪು ನಂದ," ಎನ್ನುವರು.

ಅತ್ತೆ ಅಪ್ಪನ ಅಕ್ಕ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ಬೈಲಹೊಂಗಲದ ನಮ್ಮ ಮನೆಗೆ ಬಂದವರು ಯಜಮಾನಿಕೆಯನ್ನೂ ಕೈಗೆ ತೆಗೆದುಕೊಂಡಿದ್ದರು. ಅಪ್ಪ ಕಿತ್ತೂರಿನಲ್ಲಿ ಮಾಸ್ತರು, ಶನಿವಾರಕ್ಕೊಮ್ಮೆ ಬರುವ ಅತಿಥಿ. ಎಪ್ಪತ್ತರ ದಶಕದ ಆರಂಭದಲ್ಲಿ ಅತ್ತೆಗೆ ಸಕ್ಕರೆ ಬೇನೆ ಎಂದು ಗೊತ್ತಾದಾಗ ಮನೆಯವರೆಲ್ಲ ಅತ್ತರು, ಅವರು ಮಾತ್ರ ಹೊಸ ವ್ರತ ಹಿಡಿದವರ ಹಾಗೆ ಕೆಲಸಕ್ಕೆ ನಿಂತರು. ಊಟಕ್ಕೆ ಅಳೆದ ಹಾಗೆ ಒಂದೂವರೆ ಜೋಳದ ರೊಟ್ಟಿ, ಮೆಂತ್ಯದ ಪಲ್ಯ. ಸಂಜೆ ಕನ್ನಡಿಯನ್ನು ನೆಲಕ್ಕಿಟ್ಟು ಅಂಗಾಲಿನಲ್ಲಿ ಗಾಯವಿದೆಯೇ ಎಂದು ನೋಡಿಕೊಳ್ಳುವುದು. ಇನ್ಸುಲಿನ್ ಶೀಶೆಯನ್ನು ಒದ್ದೆ ಅರಿವೆಯಲ್ಲಿ ಸುತ್ತಿ, ದೇವರ ಮನೆಯ ಮೂಲೆಯಲ್ಲಿ ನೀರಿನ ಗಡಿಗೆಯ ಪಕ್ಕ ಇಡುತ್ತಿದ್ದರು. ಸೂಜಿ ಕುದಿಸುವ ಪಾತ್ರೆಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಪಕ್ಕದ ಮನೆಯವರ ಬಚ್ಚಲಲ್ಲಿ ಮೂತ್ರಕ್ಕೆ ಇರುವೆ ಮುತ್ತಿದ್ದು ಕಂಡು, ಆ ಮನೆಯ ಯಜಮಾನರನ್ನು ಬೈದು ದವಾಖಾನೆಗೆ ಅಟ್ಟಿದ್ದೂ ಇವರೇ.

ಇಷ್ಟು ಶಾಣ್ಯಾ ಹೆಂಗಸು ಒಂದು ಕಡೆ ಎಡವಿದರು. ದಿನ ತಪ್ಪದೆ ಸೂಜಿ ಚುಚ್ಚಿಕೊಳ್ಳಬೇಕೆಂದು ಡಾಕ್ಟರು ಹೇಳಿದ್ದರು. ಏಕಾದಶಿಗೆ ಹನಿ ನೀರೂ ಕುಡಿಯಬಾರದೆಂದು ಹಿರಿಯರು ಕಲಿಸಿದ್ದರು. ಅತ್ತೆ ಎರಡನ್ನೂ ಬಿಡಲಿಲ್ಲ. "ಸೂಜಿ ಅಂದ್ರ ಊಟ ಅಲ್ಲ, ಅದರಿಂದ ಉಪವಾಸ ಕೆಡೂದಿಲ್ಲ," ಎಂದು ಬೆಳಿಗ್ಗೆಯೇ ಚುಚ್ಚಿಕೊಂಡು ಜಪಕ್ಕೆ ಕೂಡುವರು.

ಕಾಲೇಜಿಗೆ ರಜೆಯಿದ್ದ ಒಂದು ಏಕಾದಶಿ ನಾನೇ ಕಣ್ಣಾರೆ ಕಂಡೆ. ರಣರಣ ಮಧ್ಯಾಹ್ನ, ಓಣಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಜಪ ನಿಂತಿತು. ಅತ್ತೆಯ ಸೀರೆ ಬೆವರಿಗೆ ತೊಯ್ದಿತ್ತು, ಬೆರಳು ನಡುಗುತ್ತಿದ್ದವು. ಅವ್ವನನ್ನು ಎವೆಯಿಕ್ಕದೆ ನೋಡಿ, ಎಳೆ ಹುಡುಗಿಯ ತೊದಲು ದನಿಯಲ್ಲಿ ಕೇಳಿದರು:

"ಯಾರ ನೀ? ನನ್ನ ಮನ್ಯಾಗ ನಿಂದೇನು ಕೆಲಸ?"

ಅವ್ವ ಅಪ್ಪನ ಎರಡನೆಯ ಹೆಂಡತಿ. ಮೊದಲನೆಯವರು ಸುಮಿತ್ರಾ, ಹತ್ತೊಂಬತ್ತಕ್ಕೇ ಜ್ವರದಿಂದ ಹೋದವರು. ಅತ್ತೆ ಆಕೆಯನ್ನು ಮಗಳಂತೆ ಸಾಕಿದ್ದರು. ರೂಢಿಯಂತೆ ಅವ್ವ ಸತ್ತ ಸವತಿಯ ಹೆಸರಿನ ಬೆಳ್ಳಿಯ ಬಿಲ್ಲೆ, ಟಾಕನ್ನು ಕೊರಳಿಗೆ ಕಟ್ಟಿಕೊಂಡಿದ್ದಳು. ಹಬ್ಬಕ್ಕೆ ಮೊದಲ ಸಿಹಿ ಆ ಸವತಿಯ ಪಟದ ಮುಂದೆ. ಹಾಗಾಗಿ ಅತ್ತೆಯ ಮೈಮೇಲೆ ಬಂದವರು ಯಾರೆಂದು ಅವ್ವನಿಗೆ ಯಾರೂ ಹೇಳಬೇಕಾಗಲಿಲ್ಲ. ಬಟ್ಟಲಲ್ಲಿ ಸಕ್ಕರೆ ನೀರು ಕಲಸಿ ಪಟಕ್ಕೆ ತೋರಿಸಿ, "ತಪ್ಪಾತ್ರಿ, ತೊಗೋರಿ," ಎನ್ನುತ್ತ ಅತ್ತೆಯ ಬಾಯಿಗೆ ಹಿಡಿದಳು. ಕಾಲು ತಾಸಿನಲ್ಲಿ ಸುಮಿತ್ರಾ ಹೋದಳು, ಅತ್ತೆ ಮರಳಿದರು. "ತಲಿ ತಿರುಗಿತ್ತೇನೋ," ಎಂದು ಜಪಮಣಿ ಹುಡುಕಿದರು. ಉಪವಾಸ ಮುರಿದದ್ದನ್ನು ಅವ್ವ ಹೇಳಲಿಲ್ಲ, ನನ್ನ ಬಾಯಿಯನ್ನೂ ಹೊಲಿದಳು.

ಹೀಗೆ ವರ್ಷವೊಂದು ಕಳೆಯಿತು. ಪ್ರತಿ ಸಲ ಅದೇ ಪ್ರಶ್ನೆ, ಪ್ರತಿ ಸಲ ಸಕ್ಕರೆಗೆ ಶಾಂತಿ. ಅವ್ವ ಏಕಾದಶಿಗೆ ನಾಲ್ಕು ದಿನ ಮೊದಲೇ ಸೊರಗತೊಡಗಿದಳು.

ಕೊನೆಗೆ ಒಂದು ಏಕಾದಶಿ ಅವಳು ಬಟ್ಟಲು ತರಲಿಲ್ಲ. ಅತ್ತೆಯ ಎದುರು ನೆಲಕ್ಕೆ ಕೂತು, "ಇವತ್ತ ಏನೂ ಕೊಡೂದಿಲ್ಲ. ಹದಿನೆಂಟು ವರ್ಷ ದುಡದೀನಿ ಈ ಮನ್ಯಾಗ. ನಿಮಗ ಏನ ಬೇಕು, ಬಾಯಿ ಬಿಟ್ಟು ಹೇಳ್ರಿ," ಎಂದಳು. ಅತ್ತೆ ನಕ್ಕರು. ಆ ನಗೆ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. "ನೀ ಏಳು. ಅದು ನನ್ನ ಜಾಗಾ," ಎಂದವರು ಗೋಡೆಗೆ ಒರಗಿದರು. ಮಾತು ನಿಂತಿತು, ಕಣ್ಣು ಮೇಲಾಗತೊಡಗಿದವು. ಅವ್ವ ಹಟ ಬಿಡಲಿಲ್ಲ.

ಹೊಸ ಇನ್ಸುಲಿನ್ ಶೀಶೆ ಕೊಡಲು ಬಂದ ಕಂಪೌಂಡರ್ ಮೋದಿನಸಾಬರು ಬಾಗಿಲಲ್ಲೇ ಚಪ್ಪಲಿ ಒದರಿ ಒಳಗೆ ಓಡಿ ಬಂದರು. ಅತ್ತೆಯ ಹಣೆ ಮುಟ್ಟಿ, "ಮುಂಜಾನೆ ಸೂಜಿ ಆಗೇತೇನ್ರಿ? ಊಟ?" ಎಂದು ಕೇಳಿದರು. ಏಕಾದಶಿ ಎಂದೆ. "ಸಕ್ಕರಿ ತರ್ರಿ ಲಗೂನ, ಇನ್ನಾ ನುಂಗತಾರ. ಪೂರಾ ಎಚ್ಚರ ತಪ್ಪಿದ ಮ್ಯಾಲೆ ಬಾಯಾಗ ಹಾಕಾಕ ಬರೂದಿಲ್ಲ, ನೆತ್ತಿಗೆ ಹತ್ತತೈತಿ." ಅವ್ವ ಕೂತಲ್ಲೇ ಇದ್ದಳು. ಸಕ್ಕರೆ ತಂದದ್ದು ನಾನು.

ಅತ್ತೆ ಕಣ್ಣು ಬಿಟ್ಟು ಮಲಗಿದ ಮೇಲೆ ಅವ್ವ ಪಡಸಾಲೆಯಲ್ಲಿ ಎಲ್ಲ ಒಪ್ಪಿಸಿದಳು. ಸಾಬರು ತಲೆಯಲ್ಲಾಡಿಸಿದರು.

"ದೆವ್ವ ಅಲ್ರಿ ಬಾಯಾರ. ಸೂಜಿ ಒಳಗ ಹೋತು, ರೊಟ್ಟಿ ಹೋಗಲಿಲ್ಲ. ಮೈಯಾಗಿನ ಸಕ್ಕರಿ ಇಳದು ಮೆದುಳು ಬರಿಗೈ ಆತು. ಇಷ್ಟು ದಿನ ಇವರ ಜೀವ ಉಳಿಸಿದ್ದು ನೀವು ಕೊಟ್ಟ ಸಕ್ಕರಿ. ಇವತ್ತ ಇನ್ನೊಂದು ತಾಸು ಬಿಟ್ಟಿದ್ರ ಕೈ ಬಿಟ್ಟು ಹೋಗ್ತಿದ್ರು."

ಅವ್ವನ ಮುಖ ಬಿಳಿಚಿತು. ಕೇಳಿದಳು: "ಅಲ್ಲಿ ಯಾರೂ ಬಂದಿದ್ದಿಲ್ಲ ಅಂದ್ರ, ಆ ಮಾತು ಆಡಿದವರು ಯಾರು?"

ಸಾಬರು ಹೊಸ ಶೀಶೆಯನ್ನು ನನ್ನ ಕೈಗಿಟ್ಟು ಚಪ್ಪಲಿ ಮೆಟ್ಟಿಕೊಂಡರು.

ಡಾಕ್ಟರು ಏಕಾದಶಿಗೆ ಸೂಜಿಯ ಪ್ರಮಾಣ ಇಳಿಸಿ, ಹಾಲು ಹಣ್ಣು ಕಡ್ಡಾಯ ಮಾಡಿದರು. ಅತ್ತೆ ಎರಡು ದಿನ ಮುನಿಸಿಕೊಂಡು ಒಪ್ಪಿದರು. ಆ ದನಿ ಮತ್ತೆ ಬರಲಿಲ್ಲ. ಅವ್ವ ಅತ್ತೆಯ ಸೇವೆಯಲ್ಲಿ ಒಂದೂ ಕೊರತೆ ಮಾಡಲಿಲ್ಲ, ಆದರೆ ಅವರೆದುರು ಕೂತು ಉಣ್ಣುವುದನ್ನು ಬಿಟ್ಟಳು. ಮೊದಲು ದೆವ್ವದ ಭಯವಿತ್ತು, ಅದಕ್ಕೆ ಬಟ್ಟಲು ಸಕ್ಕರೆ ಸಾಕಾಗುತ್ತಿತ್ತು. ಈಗ ಆ ಮಾತು ಅತ್ತೆಯದೇ ಎಂದಾದ ಮೇಲೆ, ಹದಿನೆಂಟು ವರ್ಷ ಜೊತೆಗಿದ್ದವರ ಮನಸ್ಸಿಗೆ ಏನು ಕೊಡಬೇಕೆಂದು ಅವಳಿಗೆ ತಿಳಿಯಲಿಲ್ಲ. ನನಗೆ ಅವಳನ್ನು ನೋಡಿದರೆ ಸಂಕಟವಾಗುತ್ತಿತ್ತು.

ಐದಾರು ವರ್ಷಗಳ ಮೇಲೆ ಅತ್ತೆಯ ಮೂತ್ರಪಿಂಡ ಸೋತು ಮೈಯೆಲ್ಲ ಬಾತಿತು. ಒಂದು ಸಂಜೆ, ಪೂರ್ಣ ಎಚ್ಚರದಲ್ಲಿ, ಕಾಲು ಒತ್ತುತ್ತಿದ್ದ ಅವ್ವನನ್ನು ಕರೆದರು.

"ಶಾರದಾ, ಆಗ ಏಕಾದಶಿಗೆ ನಾ ನಿನಗ ಏನಂತಿದ್ದೆ?"

"ಏನಿಲ್ಲಕ್ಕಾ. ದೇವರ ನಾಮ ಅಂತಿದ್ರಿ."

"ಸುಳ್ಳು ಹೇಳಬ್ಯಾಡ. ನನಗೂ ಕೇಳಸ್ತಿತ್ತು." ಅತ್ತೆ ಉಸಿರು ತೆಗೆದುಕೊಂಡರು. "ಆ ದನಿ ನಂದಲ್ಲವಾ. ಬಾಯಷ್ಟ ನಂದು."

ಮರುದಿನ ಅವರು ಇರಲಿಲ್ಲ. ಆ ಮಾತನ್ನು ಅತ್ತೆ ಬರೀ ಸಮಾಧಾನಕ್ಕೆ ಹೇಳಿದ್ದಾಗಿರಲಿ ಎಂದು ನಾನು ದೇವರಲ್ಲಿ ಬೇಡಿಕೊಂಡೆ. ಅವ್ವ ಅದು ಖರೆ ಇರಲಿ ಎಂದು ಬೇಡಿಕೊಂಡಳು.